ಎರಡೂ ಕೈ ಗೋಡೆ ಮುಟ್ಟಬೇಕು: ಮಗಳ ಈಜು ಸ್ಪರ್ಧೆಯ ನನ್ನ ಅನುಭವ

ನನ್ನ ತವರುಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಅಡಿಕೆ ತೋಟದ ಮಧ್ಯೆ ಒಂದು ಕೆರೆ ಇದೆ. ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿಕೊಂಡು ನಾನು ಈಜು ಕಲಿತದ್ದು ಅದರಲ್ಲೇ. ಮಗಳಿಗೂ ಅಲ್ಲೇ ನನ್ನ ಅಪ್ಪ ಕಲಿಸಿದರು, ಬಾಳೆದಿಂಡು ಹಿಡಿಸಿ. ಎಂಟು ವರ್ಷ ಆಗುವಾಗ ಅವಳು ನಿಲ್ಲದೆ ಕೆರೆಗೆ ನಾಲ್ಕು ಸುತ್ತು ಹಾಕುತ್ತಿದ್ದಳು.

ಮಂಗಳೂರಿನಲ್ಲಿ ಮಕ್ಕಳಿಗೆ ಸ್ಪರ್ಧೆ ಇದೆ ಅಂತ ಗೊತ್ತಾದಾಗ ಹೆಸರು ಕೊಟ್ಟೆ. 25 ಮೀಟರ್ ಫ್ರೀಸ್ಟೈಲ್ (ಸಾಮಾನ್ಯವಾಗಿ ಒಂದಾದ ಮೇಲೊಂದು ಕೈ ಬೀಸಿ ಈಜುವುದು), 25 ಮೀಟರ್ ಬ್ರೆಸ್ಟ್ ಸ್ಟ್ರೋಕ್ (ಕಪ್ಪೆಯ ಹಾಗೆ ಈಜುವುದು). ಈಜು ಬರುತ್ತದಲ್ಲ, ಇನ್ನೇನು ಬೇಕು ಅಂದುಕೊಂಡಿದ್ದೆ.

ಬೆಳಿಗ್ಗೆ ಏಳಕ್ಕೇ ಹೋಗಿ ಮೈ ಬಿಸಿ ಮಾಡಲು ನೀರಿಗಿಳಿಸಿದೆವು. ಅವಳ ಸರದಿ ಬಂದದ್ದು ಹನ್ನೊಂದೂವರೆಗೆ. ಅಲ್ಲಿವರೆಗೆ ಒದ್ದೆ ಬಟ್ಟೆಯಲ್ಲೇ ಕೂತಿದ್ದಳು. ತುಟಿ ನೀಲಿಯಾಗಿತ್ತು. ಆದರೂ ಬ್ರೆಸ್ಟ್ ಸ್ಟ್ರೋಕ್‌ನಲ್ಲಿ ತನ್ನ ಹೀಟ್‌ಗೆ (ಒಟ್ಟಿಗೆ ಈಜುವ ಒಂದು ಗುಂಪಿಗೆ) ಎರಡನೆಯವಳಾಗಿ ಬಂದಳು. ಫಲಿತಾಂಶದ ಹಾಳೆಯಲ್ಲಿ ನೋಡಿದರೆ ಹೆಸರಿನ ಮುಂದೆ ಸಮಯವೇ ಇಲ್ಲ, ‘ಡಿಕ್ಯೂ’ ಅಂತಿದೆ, ಅಂದರೆ ಅನರ್ಹ. ಕೇಳಿದಾಗ ಅಲ್ಲಿದ್ದ ತೀರ್ಪುಗಾರರು ಸಮಾಧಾನದಿಂದಲೇ ಹೇಳಿದರು: “ಬ್ರೆಸ್ಟ್ ಸ್ಟ್ರೋಕ್‌ನಲ್ಲಿ ಎರಡೂ ಕೈ ಒಟ್ಟಿಗೆ ಗೋಡೆ ಮುಟ್ಟಬೇಕಮ್ಮಾ. ಇವಳು ಒಂದೇ ಕೈ ಮುಟ್ಟಿಸಿದ್ದಾಳೆ.”

ಮನೆಗೆ ಬರುವಾಗ ಗಡಿಯ ತಲಪಾಡಿ ದಾಟುವವರೆಗೂ ಅತ್ತಳು. “ಅಮ್ಮಾ, ನಾನು ನಡುವೆ ನಿಲ್ಲಲೇ ಇಲ್ಲ. ಮತ್ತೆ ಯಾಕೆ?” ಅಂತ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಯಮ ತಿಳಿದುಕೊಳ್ಳಬೇಕಾದವಳು ನಾನು. ಎಂಟು ವರ್ಷದ ಮಗು ಅಲ್ಲ.

ಮರುವಾರದಿಂದಲೇ ಕೆರೆಯಲ್ಲಿ ಬೇರೆ ರೀತಿ ಶುರು ಮಾಡಿದೆವು. ಟೇಪ್ ಹಿಡಿದು ಅಳೆದರೆ ಕೆರೆಯ ಉದ್ದ 13 ಮೀಟರ್. ಹೋಗಿ ಬಂದರೆ ಹತ್ತಿರಹತ್ತಿರ ಒಂದು 25 ಆಯಿತು. ಮೆಟ್ಟಿಲಿನಿಂದ 5 ಮೀಟರ್ ದೂರಕ್ಕೆ ಅಡ್ಡಲಾಗಿ ಹಗ್ಗ ಎಳೆದು ಹಳೆ ಸೀರೆಯ ಚೂರುಗಳನ್ನು ಕಟ್ಟಿದೆ. ಈಜುಕೊಳದಲ್ಲೂ ಗೋಡೆಗೆ 5 ಮೀಟರ್ ಇರುವಾಗ ಮೇಲೆ ಬಾವುಟದ ಸಾಲು ಇರುತ್ತದೆ. ಅಂಗಾತ ಮಲಗಿ ಈಜುವ ಬ್ಯಾಕ್ ಸ್ಟ್ರೋಕ್‌ನಲ್ಲಿ ಗೋಡೆ ಕಾಣುವುದಿಲ್ಲವಲ್ಲ, ಬಾವುಟ ಕಂಡ ಮೇಲೆ ಎಷ್ಟು ಸಲ ಕೈ ಬೀಸಿದರೆ ಗೋಡೆ ಸಿಗುತ್ತದೆ ಅಂತ ಎಣಿಸಿಕೊಳ್ಳಬೇಕು. ಈಜು ಮುಗಿಸುವಾಗ ಅಂಗಾತ ಇದ್ದೇ ಮುಟ್ಟಬೇಕು, ಮಗುಚಿದರೆ ಅದೂ ತಪ್ಪು.

ಜಾಸ್ತಿ ಕಷ್ಟ ಆದದ್ದು ಕಾಲಿನದ್ದು. ನಮ್ಮ ಕಡೆಯ ಕಪ್ಪೆ ಈಜಿನಲ್ಲಿ ಒಂದು ಕಾಲು ಒಂದು ಥರ, ಇನ್ನೊಂದು ಇನ್ನೊಂದು ಥರ ಹೋಗುತ್ತದೆ. ಸ್ಪರ್ಧೆಯಲ್ಲಿ ಎರಡೂ ಕಾಲು ಒಂದೇ ರೀತಿ, ಒಂದೇ ಹೊತ್ತಿಗೆ ಒದೆಯಬೇಕು. ಅಪ್ಪ ಮೆಟ್ಟಿಲಲ್ಲಿ ಕೂತು ಅವಳ ಪಾದ ಹಿಡಿದು ತೋರಿಸಿಕೊಟ್ಟರು. ಅದು ಸರಿಯಾಗಲು ಎರಡು ತಿಂಗಳು ಬೇಕಾಯಿತು. ಈ ಕೆಲಸಕ್ಕೆ ಅವಸರ ಮಾಡಲೇಬಾರದು.

ತಲೆ ಮುಂದಾಗಿ ಹಾರುವುದನ್ನು ಮಾತ್ರ ಕೆರೆಯಲ್ಲಿ ಕಲಿಸಲಿಲ್ಲ. ಅಡಿಯಲ್ಲಿ ಕಲ್ಲು ಎಲ್ಲಿದೆ ಅಂತ ಯಾರಿಗೆ ಗೊತ್ತು? ಅದಕ್ಕೆ ಭಾನುವಾರ ಗಡಿ ದಾಟಿ ಪುತ್ತೂರಿನ ಬಾಲವನದ ಈಜುಕೊಳಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಕೆರೆಯ ಹಸಿರು ನೀರಿನಲ್ಲಿ ಏನೂ ಕಾಣದ ಕಾರಣ ಅವಳಿಗೆ ತಲೆ ಎತ್ತಿ ಈಜುವ ಅಭ್ಯಾಸ ಇತ್ತು. ತಲೆ ಎತ್ತಿದರೆ ಸೊಂಟ ಮುಳುಗುತ್ತದೆ, ವೇಗ ಹೋಗುತ್ತದೆ. ಕೊಳದ ಅಡಿಯ ಕಪ್ಪು ಗೆರೆ ನೋಡುತ್ತಾ ಈಜಿದ ಮೇಲೆ ತಲೆ ತಾನಾಗಿ ಕೆಳಗಿಳಿಯಿತು.

ಮುಂದಿನ ಸ್ಪರ್ಧೆಗೂ ಎರಡೇ ವಿಭಾಗಕ್ಕೆ ಹೆಸರು ಕೊಟ್ಟೆ. ಆ ವಯಸ್ಸಿಗೆ ಅಷ್ಟು ಸಾಕು ಅಂತ ನನ್ನ ಗಟ್ಟಿ ಅಭಿಪ್ರಾಯ. ನಾಲ್ಕೈದು ವಿಭಾಗಕ್ಕೆ ಇಳಿದು ಕೊನೆಗೆ ಸುಸ್ತಾಗಿ ವಾಂತಿ ಮಾಡಿದ ಮಕ್ಕಳನ್ನು ನೋಡಿದ್ದೇನೆ. ಹೆಸರು ಕೊಡುವ ಮೊದಲು ವಯಸ್ಸಿನ ಲೆಕ್ಕವನ್ನೂ ಕೇಳಿಕೊಳ್ಳಿ. ಸಾಮಾನ್ಯವಾಗಿ ಆ ವರ್ಷದ ಡಿಸೆಂಬರ್ 31ಕ್ಕೆ ಎಷ್ಟಾಗುತ್ತದೆ ಅಂತ ನೋಡುತ್ತಾರೆ. ಹಾಗಾಗಿ ವರ್ಷದ ಕೊನೆಗೆ ಹುಟ್ಟಿದ ಮಗು ತನಗಿಂತ ಹತ್ತು ಹನ್ನೊಂದು ತಿಂಗಳು ದೊಡ್ಡ ಮಕ್ಕಳ ಜೊತೆ ಈಜಬೇಕಾಗುತ್ತದೆ.

ಚೀಲದಲ್ಲಿ ಮೂರು ಟವೆಲ್, ಒಣ ಬಟ್ಟೆ, ತಲೆಗೆ ಟೊಪ್ಪಿ, ಇನ್ನೊಂದು ಗಾಗಲ್ಸ್. ತಿನ್ನಲು ಇಡ್ಲಿ, ಕದಳಿ ಬಾಳೆಹಣ್ಣು. ಎಣ್ಣೆ ತಿಂಡಿ ಬೇಡ. ನೀರಿನಿಂದ ಹತ್ತಿದ ಕೂಡಲೇ ಮೈ ಒರೆಸಿ ಬಟ್ಟೆ ಬದಲಿಸಿದೆ.

ಅವಳು ಈಜುವಾಗ ನಾನು ಮೇಲೆ ಗ್ಯಾಲರಿಯಲ್ಲಿ ಸುಮ್ನೆ ಕೂತಿದ್ದೆ. ನೀರಿನೊಳಗೆ ತಲೆ ಇರುವ ಮಗುವಿಗೆ ನಮ್ಮ ಕೂಗು ಏನು ಕೇಳುತ್ತದೆ? ಬರುವಾಗ ಬೇರೆ ಮಕ್ಕಳ ವಿಷಯ ಎತ್ತಲಿಲ್ಲ. ಅವಳ ಒಂದು ಸಣ್ಣ ನೋಟ್‌ಬುಕ್ ಇದೆ, ಅದರಲ್ಲಿ ಅವಳೇ ಬರೆದಳು: ಫ್ರೀಸ್ಟೈಲ್, ಮೊದಲು 31 ಸೆಕೆಂಡ್, ಈಗ 28. ಪದಕ ಬರಲಿಲ್ಲ. ಬ್ರೆಸ್ಟ್ ಸ್ಟ್ರೋಕ್‌ನ ಎದುರು ಈ ಸಲ ಸಮಯ ಬಿದ್ದಿತ್ತು, 36 ಸೆಕೆಂಡ್. ಅದರ ಅಡಿಗೆ ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದಳು.

ಈಗ ರಜೆಯಲ್ಲಿ ತಮ್ಮನ ಜೊತೆ ಆಟಕ್ಕೆ ಈಜುವಾಗಲೂ ಕೆರೆಯ ಮೆಟ್ಟಿಲಿಗೆ ಎರಡೂ ಕೈ ಇಟ್ಟ ಮೇಲೆಯೇ ಅವಳು ತಲೆ ಎತ್ತುವುದು.