ಎಣ್ಣೆ ಪ್ಯಾಕೆಟ್ ಮೇಲಿನ "ಕೊಲೆಸ್ಟ್ರಾಲ್ ಫ್ರೀ" ನೋಡಿ ಮೋಸ ಹೋಗ್ಬೇಡಿ

ಫ್ರೆಂಡ್ಸ್, ಕಡ್ಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಯಾವುದ್ರಲ್ಲೂ ಕೊಲೆಸ್ಟ್ರಾಲ್ ಇರೋದೇ ಇಲ್ಲ, ಅದು ಪ್ರಾಣಿಗಳಿಂದ ಬರೋ ಹಾಲು, ತುಪ್ಪ, ಮೊಟ್ಟೆ, ಮಾಂಸದಲ್ಲಿ ಮಾತ್ರ ಇರತ್ತೆ, ಹಾಗಾಗಿ ಅದಕ್ಕೋಸ್ಕರ ಜಾಸ್ತಿ ದುಡ್ಡು ಕೊಡ್ಬೇಡಿ. ನಮ್ಮ ರಕ್ತದಲ್ಲಿರೋ ಕೊಲೆಸ್ಟ್ರಾಲ್ ಬಹುಪಾಲು ನಮ್ಮ ಲಿವರ್ರೇ ತಯಾರು ಮಾಡತ್ತೆ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಏರಿಸೋದು ಮುಖ್ಯವಾಗಿ ಸ್ಯಾಚುರೇಟೆಡ್ ಫ್ಯಾಟ್ (ತುಪ್ಪ, ಬೆಣ್ಣೆ ಥರ ಗಟ್ಟಿಯಾಗೋ ಕೊಬ್ಬು) ಮತ್ತೆ ಟ್ರಾನ್ಸ್ ಫ್ಯಾಟ್ (ಎಣ್ಣೆನ ಕಾರ್ಖಾನೆಲಿ ಗಟ್ಟಿ ಮಾಡುವಾಗ ಹುಟ್ಟೋ ಕೊಬ್ಬು). ಪಾಮ್ ಆಯಿಲ್ ಕೂಡ ಕೊಲೆಸ್ಟ್ರಾಲ್ ಫ್ರೀನೇ, ಆದ್ರೆ ಅದ್ರಲ್ಲಿ ಹತ್ತಿರ ಹತ್ತಿರ ಅರ್ಧ ಸ್ಯಾಚುರೇಟೆಡ್. ಅದಕ್ಕೇ ಪ್ಯಾಕೆಟ್ ತಿರುಗಿಸಿ ಹಿಂದಿನ ಟೇಬಲ್ ಓದಿ.

ನಮ್ಮನೇಲಿ ಅಪ್ಪಂಗೆ ಎಲ್‌ಡಿಎಲ್ 170 ಬಂದ್ಮೇಲೆ ಶುರು ಮಾಡಿದ್ದು ಹೇಳ್ತೀನಿ. ಅಮ್ಮ ಒಗ್ಗರಣೆಗೆ ಎಣ್ಣೆ ಜಗ್ಗಿಂದ ಸುರಿಯೋರು, ಸಾಸಿವೆ ಎಣ್ಣೇಲಿ ತೇಲೋದು, ಈಗ ಡಬ್ಬಿ ಒಳಗೆ ಒಂದು ಟೀ ಸ್ಪೂನ್ ಹಾಕಿಟ್ಟಿದೀವಿ, ಒಗ್ಗರಣೆಗೆ ಎರಡೇ ಸ್ಪೂನ್, ಸಾಸಿವೆ ಚೆನ್ನಾಗೇ ಸಿಡಿಯತ್ತೆ. ಹೊಸ ಪ್ಯಾಕೆಟ್ ಒಡೆದ ದಿನ ಕ್ಯಾಲೆಂಡರ್ ಮೇಲೆ ಗುರುತು ಹಾಕಿ, ಎಷ್ಟು ದಿನಕ್ಕೆ ಖಾಲಿ ಆಯ್ತು ಅಂತ ಗೊತ್ತಾಗತ್ತೆ. ಕೂತು ಕೆಲಸ ಮಾಡೋರಿಗೆ ಒಬ್ಬೊಬ್ಬರಿಗೆ ದಿನಕ್ಕೆ 20-25 ಗ್ರಾಂ ಎಣ್ಣೆ, ಅಂದ್ರೆ ಸುಮಾರು ಐದು ಟೀ ಸ್ಪೂನ್ ಸಾಕು. ತುಪ್ಪನೂ ಆ ಲೆಕ್ಕಕ್ಕೇ ಸೇರಿಸಿ, ಬಿಸಿ ಅನ್ನದ ಮೇಲೆ ಒಂದು ಸ್ಪೂನ್ ಬೇಡ ಅಂತ ನಾನು ಹೇಳಲ್ಲ.

ಇನ್ನೊಂದು, ಹಬ್ಬಕ್ಕೆ ಚಕ್ಲಿ ಕರಿದ ಎಣ್ಣೆ ಕಪ್ಪಾಗಿ ನೊರೆ ಬರ್ತಿದ್ರೆ ದಯವಿಟ್ಟು ಮತ್ತೆ ಪೂರಿಗೆ ಇಡ್ಬೇಡಿ. ಔಷಧಿ ತಗೊಳ್ತಿರೋರು ಡಾಕ್ಟರ್ ಕೇಳದೆ ಮಾತ್ರೆ ನಿಲ್ಲಿಸ್ಬೇಡಿ.