ಸಬ್‌ಟೈಟಲ್‌ನಲ್ಲಿ ಕಳೆದುಹೋದ ‘ಹೋಗಿ ಬರ್ತೀನಿ’

ಎಂಟು ವರ್ಷದ ಹಿಂದೆ ಬೆಂಗಳೂರಿನ ನಮ್ಮ ಆಫೀಸಿಗೆ ಒಂದು ಜಪಾನಿ ಪ್ರಾಜೆಕ್ಟ್ ಬಂತು. ಭಾಷೆ ಕಲಿತವರನ್ನು ಟೋಕಿಯೊಗೆ ಕಳಿಸ್ತೀವಿ ಅಂದರು. ಆಸೆಗೆ ಬಿದ್ದು ಭಾನುವಾರದ ಕ್ಲಾಸಿಗೆ ಸೇರಿಕೊಂಡೆ. ಕೊನೆಗೆ ಟೋಕಿಯೊಗೆ ಹೋದವನು ಪಕ್ಕದ ಟೀಮಿನವನು, ಅವನಿಗೆ ಒಂದಕ್ಷರ ಜಪಾನಿ ಬರುತ್ತಿರಲಿಲ್ಲ. ನನಗೆ ಉಳಿದದ್ದು ಸಿನಿಮಾ.

ಎಲ್ಲರಂತೆ ನಾನೂ ಶುರು ಮಾಡಿದ್ದು ನಿರ್ದೇಶಕ ಕುರೊಸಾವಾ ಅವರ ‘ಸೆವೆನ್ ಸಮುರಾಯ್’ನಿಂದ. 207 ನಿಮಿಷದ ಸಿನಿಮಾ, ಎರಡು ರಾತ್ರಿ ಹಿಡಿಯಿತು. ಕುದುರೆ, ಕೆಸರು, ಮಳೆ, ಕತ್ತಿ. ಮೈ ಜುಮ್ ಅಂದಿದ್ದು ನಿಜ. ಆದರೆ ಜಪಾನಿನವರ ಬಗ್ಗೆ ಏನು ಗೊತ್ತಾಯ್ತು ಅಂತ ಕೇಳಿದರೆ ಹೇಳೋಕೆ ಏನೂ ಇರಲಿಲ್ಲ. 16ನೇ ಶತಮಾನದ ಕತೆ ಅದು. ಕ್ಲಾಸಿನ ಮೇಡಂ ನಕ್ಕು, ‘ಓಜು ನೋಡಿ’ ಅಂದರು.

ಯಾಸುಜಿರೊ ಓಜು, ಜಪಾನಿನ ಇನ್ನೊಬ್ಬ ನಿರ್ದೇಶಕ. 1953ರ ‘ಟೋಕಿಯೊ ಸ್ಟೋರಿ’ ಹಾಕಿಕೊಂಡೆ. ಒನೊಮಿಚಿ ಅನ್ನೋ ಸಮುದ್ರ ತೀರದ ಊರಿನ ವಯಸ್ಸಾದ ಗಂಡ ಹೆಂಡತಿ ಮಕ್ಕಳನ್ನು ನೋಡೋಕೆ ಟೋಕಿಯೊಗೆ ಬರ್ತಾರೆ. ಮಕ್ಕಳಿಗೆ ಪುರುಸೊತ್ತಿಲ್ಲ. ಇಷ್ಟೇ ಕತೆ. ಅರ್ಧ ಗಂಟೆಗೆ ನಿದ್ದೆ ಹೋದೆ.

ಇನ್ನೊಂದು ಸಲ ಹಾಕಿದಾಗ ನಾನು ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದೆ. ತೆರೆ ಕಾಣುತ್ತಿರಲಿಲ್ಲ, ಮಾತು ಮಾತ್ರ ಕೇಳಿಸುತ್ತಿತ್ತು. ಆ ಹೊತ್ತಿಗೆ ಒಂದಿಷ್ಟು ಪಾಠ ಮುಗಿದಿದ್ದವು. ಯಾರೋ ಮನೆಯಿಂದ ಹೊರಡುತ್ತಾ ಹೇಳಿದ ಮಾತು ಕಿವಿಗೆ ಬಿತ್ತು. ಕ್ಲಾಸಲ್ಲಿ ಉರು ಹೊಡೆದಿದ್ದ ‘ಇತ್ತೆಕಿಮಾಸ್’ನ ಹಳೆಯ, ಇನ್ನೂ ವಿನಯದ ರೂಪ ಅದು. ಚಾಕು ಅಲ್ಲೇ ಬಿಟ್ಟು ಬಂದು ಸಬ್‌ಟೈಟಲ್ ನೋಡಿದೆ. ಇಂಗ್ಲಿಷಿನಲ್ಲಿ ಸುಮ್ನೆ ‘ಹೊರಟೆ’ ಅನ್ನೋ ಅರ್ಥದ ಒಂದು ಪದ. ಆದರೆ ‘ಇತ್ತೆ’ ಅಂದರೆ ಹೋಗಿ, ‘ಕಿಮಾಸ್’ ಅಂದರೆ ಬರ್ತೀನಿ. ಒಳಗಿನಿಂದ ಬರುವ ಉತ್ತರ ‘ಇತ್ತೆರಾಶ್ಶಾಯ್’, ಹೋಗಿ ಬನ್ನಿ. ನಮ್ಮಮ್ಮ ಬಾಗಿಲಲ್ಲಿ ನಿಂತು ಹೇಳೋದು ಇದನ್ನೇ ಅಲ್ವಾ? ಬರೀ ‘ಹೋಗ್ತೀನಿ’ ಅಂದರೆ ಬೈಯುವ ಮನೆಯಲ್ಲಿ ಬೆಳೆದವರಿಗೆ ಈ ಮಾತಿಗೆ ಟಿಪ್ಪಣಿ ಬೇಕಾಗಿಲ್ಲ.

ಅವತ್ತಿಂದ ನೋಡುವ ರೀತಿಯನ್ನೇ ಬದಲಾಯಿಸಿದೆ. ಒಂದು ಸಿನಿಮಾನ ಮೊದಲು ಸಬ್‌ಟೈಟಲ್ ಇಟ್ಟುಕೊಂಡು ಪೂರ್ತಿ ನೋಡೋದು. ಆಮೇಲೆ ಅದೇ ಸಿನಿಮಾದ ಹದಿನೈದು ಇಪ್ಪತ್ತು ನಿಮಿಷವನ್ನು ಸಬ್‌ಟೈಟಲ್ ತೆಗೆದು, ಕೇಳಿಸಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆಯೋದು. ಇಂಗ್ಲಿಷಿಗೆ ಅಲ್ಲಿ ಜಾಗವಿಲ್ಲ. ವಾಕ್ಯ ತಿರುಗಿಸೋ ಕೆಲಸವೇ ಇಲ್ಲ, ಎರಡು ಭಾಷೆಯಲ್ಲೂ ಕ್ರಿಯಾಪದ ಕೊನೆಗೇ ಬರುತ್ತೆ. ‘ತಾಬೆತೆ ಮಿತೆ’, ತಿಂದು ನೋಡು. ಅವರೂ ‘ನೋಡು’ ಅಂತಲೇ ಹೇಳ್ತಾರೆ! ‘ವಾಸುರೆತೆ ಶಿಮಾತ್ತಾ’, ಮರೆತುಬಿಟ್ಟೆ. ಆ ‘ಬಿಟ್ಟೆ’ಯಲ್ಲಿರುವ ಅಯ್ಯೋ ಅನ್ನೋ ಭಾವ ಕೂಡ ಹಾಗೇ ಇದೆ. ಎರಡು ಭಾಷೆಗೂ ನೆಂಟಸ್ತಿಕೆ ಇದೆ ಅಂತ ನಾನು ಹೇಳ್ತಿಲ್ಲ, ಆ ಜಗಳ ಪಂಡಿತರಿಗಿರಲಿ. ಕನ್ನಡದ ಕಿವಿ ಇದ್ದವರಿಗೆ ಬಾಗಿಲು ಸ್ವಲ್ಪ ಜಾಸ್ತಿ ತೆರೆದಿದೆ, ಅಷ್ಟೇ.

ಓಜು ಕ್ಯಾಮೆರಾವನ್ನು ತೀರಾ ಕೆಳಗಿಡುತ್ತಿದ್ದರು, ತಾತಾಮಿ ಚಾಪೆಯ ಮೇಲೆ ಕೂತವರ ಕಣ್ಣಿಗಿಂತಲೂ ಕೆಳಗೆ. ಇದರ ಬಗ್ಗೆ ಓದುವಾಗೆಲ್ಲ ಅದೇನೋ ದೊಡ್ಡ ತತ್ತ್ವ ಅನ್ನೋ ಹಾಗೆ ಬರೆದಿರುತ್ತಾರೆ. ನನಗೆ ನೆನಪಾಗಿದ್ದು ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದ ಹುಡುಗನಿಗೆ ಓಡಾಡುವ ದೊಡ್ಡವರು ಕಾಣುವ ರೀತಿ.

ಅವರದೇ 1959ರ ‘ಗುಡ್ ಮಾರ್ನಿಂಗ್’ ನನ್ನ ಕಣ್ಣು ತೆರೆಸಿತು. ಟಿ.ವಿ. ಬೇಕು ಅಂತ ಇಬ್ಬರು ಹುಡುಗರು ಹಟ ಮಾಡ್ತಾರೆ. ಮಾತು ಜಾಸ್ತಿಯಾಯ್ತು ಅಂತ ಅಪ್ಪ ಗದರಿಸಿದರೆ, ದೊಡ್ಡೋನು ತಿರುಗಿ ಬೀಳ್ತಾನೆ: ನೀವು ದೊಡ್ಡವರೇ ಬೇಡದ ಮಾತಾಡೋದು. ನಮಸ್ಕಾರ, ಒಳ್ಳೆ ಹವಾ ಅಲ್ವಾ, ಎಲ್ಲಿಗೆ ಹೊರಟ್ರಿ, ಇಲ್ಲೇ ಸ್ವಲ್ಪ... ಆಮೇಲೆ ತಮ್ಮನ ಜೊತೆ ಮೌನ ಮುಷ್ಕರ. ಪಕ್ಕದ ಮನೆಯಾಕೆಗೆ ನಮಸ್ಕಾರ ಹೇಳದೆ ಹೋಗ್ತಾರೆ. ಆಕೆ ಏನು ತಿಳ್ಕೋತಾಳೆ ಗೊತ್ತಾ? ಹುಡುಗರ ತಾಯಿಗೆ ತನ್ನ ಮೇಲೆ ಸಿಟ್ಟಿದೆ, ಅದಕ್ಕೇ ಮಕ್ಕಳಿಗೆ ಹೇಳಿಕೊಟ್ಟಿದ್ದಾಳೆ ಅಂತ. ಮಾತು ಬೀದಿ ಪೂರ್ತಿ ಹಬ್ಬುತ್ತೆ. ನಮ್ಮ ಕ್ಲೈಂಟ್ ಕಾಲ್‌ಗಳಲ್ಲಿ ಮೊದಲ ಐದು ನಿಮಿಷ ಅವರು ಹವೆಯ ಬಗ್ಗೆ ಮಾತಾಡೋದು ನನಗೆ ಕಿರಿಕಿರಿಯಾಗುತ್ತಿತ್ತು. ಈ ಸಿನಿಮಾ ನೋಡಿದ ಮೇಲೆ ನಾನೇ ಬೆಂಗಳೂರಿನ ಮಳೆಯ ಸುದ್ದಿ ತೆಗೆಯೋಕೆ ಶುರು ಮಾಡಿದೆ. ಅವರು ಮಾತಿನ ಕೊನೆಗೆ ಸೇರಿಸುವ ‘ನೆ’ಗೆ ನಮ್ಮ ‘ಅಲ್ವಾ’. ಮಳೆ ಬಂತಲ್ವಾ ಅಂದರೆ ಸಾಕು, ಆಮೇಲೆ ಬಗ್ ಬಗ್ಗೆ ಜಗಳ ಆಡಬಹುದು.

ಒಂದು ಎಡವಟ್ಟೂ ಆಯ್ತು. ‘ಟೋಕಿಯೊ ಸ್ಟೋರಿ’ಯ ಮುದುಕ, ಅಂದರೆ ನಟ ಚಿಶು ರ್ಯು, ಮಾತಿನ ಕೊನೆಗೆ ‘ನೋ...’ ಅಂತ ಎಳೀತಾರೆ. ಅದು ಹಿರೋಶಿಮಾ ಕಡೆಯ ಮುದುಕರ ಧಾಟಿ. ಕೇಳೋಕೆ ಎಷ್ಟು ಮುದ್ದಾಗಿತ್ತು ಅಂದರೆ, ಒಂದು ಮೀಟಿಂಗಿನಲ್ಲಿ ಒಪ್ಪಿಗೆ ಸೂಚಿಸೋಕೆ ನಾನೂ ಗಂಭೀರವಾಗಿ ‘ಸೋ ಜಾ ನೋ...’ ಅಂದೆ. ಆ ಕಡೆ ಎರಡು ಸೆಕೆಂಡು ಮೌನ. ಆಮೇಲೆ ಯಾರೋ ಮೈಕ್ ಆಫ್ ಮಾಡಿಕೊಂಡರು, ನಗೋಕೆ ಅಂತ ಕಾಣುತ್ತೆ. ಹೊರಗಿನವರೊಬ್ಬರು ನಮ್ಮ ಹಳೇ ಪೌರಾಣಿಕ ಸಿನಿಮಾ ನೋಡಿ ಕನ್ನಡ ಕಲಿತು, ಆಫೀಸಲ್ಲಿ ‘ಎಲೈ ಮ್ಯಾನೇಜರನೇ’ ಅಂದಂತೆ. ಸಿನಿಮಾದಲ್ಲಿ ಕಂಡದ್ದು ಇವತ್ತಿನ ಊರಲ್ಲ, ಯಾವುದೋ ಕಾಲದ್ದು, ಯಾರದೋ ಬಾಯಿನದು ಅನ್ನೋದು ಆಗ ತಲೆಗೆ ಹೋಯ್ತು. ಈಗ ನೋಟ್‌ಬುಕ್ಕಿನ ಪುಟದ ಮೇಲೆ ವರ್ಷ, ಊರು, ಮಾತಾಡಿದವರ ವಯಸ್ಸು ಬರೆದುಕೊಳ್ತೀನಿ.

ಕುರೊಸಾವಾಗೆ ವಾಪಸ್ ಬಂದದ್ದು 1952ರ ‘ಇಕಿರು’ ಮೂಲಕ. ಸರ್ಕಾರಿ ಕಚೇರಿಯ ಮುಖ್ಯಸ್ಥನೊಬ್ಬ, ಮುದ್ರೆ ಒತ್ತೋದರಲ್ಲೇ ಜೀವನ ಕಳೆದವನು. ಚರಂಡಿ ನೀರು ನಿಲ್ಲೋ ಜಾಗದಲ್ಲಿ ಪಾರ್ಕ್ ಮಾಡಿಕೊಡಿ ಅಂತ ಬಂದ ಹೆಂಗಸರನ್ನು ಒಂದು ಕೌಂಟರಿನಿಂದ ಇನ್ನೊಂದಕ್ಕೆ ಸಾಗಹಾಕುವ ದೃಶ್ಯ ನೋಡಿದರೆ ನಮ್ಮ ಯಾವ ಕಚೇರಿಯ ನೆನಪೂ ಬರಬಹುದು. ಅವನಿಗೆ ಹೊಟ್ಟೆಯ ಕ್ಯಾನ್ಸರ್. ಡಾಕ್ಟರ್ ಹೇಳಲ್ಲ, ಸಣ್ಣ ಹುಣ್ಣು ಅಂತಾರೆ. ಆ ಕಾಲಕ್ಕೆ ರೋಗಿಯಿಂದ ಕ್ಯಾನ್ಸರ್ ಮುಚ್ಚಿಡೋದು ಅಲ್ಲಿ ರೂಢಿ. ನಮ್ಮ ದೊಡ್ಡಪ್ಪನಿಗೂ ಕೊನೆಯವರೆಗೆ ಹೇಳಿರಲಿಲ್ಲ.

ಹಾಗಂತ ಎಲ್ಲವನ್ನೂ ನಮ್ಮ ಮನೆಗೆ ಹೋಲಿಸಿಕೊಳ್ಳುವ ಚಟವೂ ಅಪಾಯವೇ. ಕೊರೆಎಡ ಅವರ 2008ರ ‘ಸ್ಟಿಲ್ ವಾಕಿಂಗ್’ ನನಗೆ ಅದನ್ನು ಕಲಿಸಿತು. ಸಮುದ್ರದಲ್ಲಿ ಮುಳುಗುತ್ತಿದ್ದ ಹುಡುಗನನ್ನು ಉಳಿಸೋಕೆ ಹೋಗಿ ಹಿರಿಯ ಮಗ ಸತ್ತಿದ್ದಾನೆ. ಬದುಕಿದ ಆ ಹುಡುಗನನ್ನು ಪ್ರತಿ ವರ್ಷ ಮಗನ ನೆನಪಿನ ದಿನ ಮನೆಗೆ ಕರೀತಾರೆ. ತಾಯಿ ಉಪಚಾರ ಮಾಡ್ತಾಳೆ, ಮುಂದಿನ ವರ್ಷವೂ ಬಾ ಅಂತಾಳೆ. ನಾನು ‘ಎಂಥ ದೊಡ್ಡ ಮನಸ್ಸು’ ಅಂತ ನೋಟ್‌ಬುಕ್ಕಿನಲ್ಲಿ ಬರೆದೂಬಿಟ್ಟಿದ್ದೆ. ಪಾಪ, ಇನ್ನು ಕರೆಯೋದು ಬೇಡ ಅಂತ ಕಿರಿಯ ಮಗ ರಾತ್ರಿ ಹೇಳಿದಾಗ, ಆಕೆ ತಣ್ಣಗೆ ಹೇಳುವ ಉತ್ತರ ಇಷ್ಟು: ಅದಕ್ಕೇ ಕರೆಯೋದು, ಅವನು ಇಷ್ಟು ಬೇಗ ಮರೆಯಬಾರದು. ಕೈಯಲ್ಲಿ ಕ್ರೋಶಾ ಹೆಣಿಗೆ. ದನಿ ಒಂದಿಷ್ಟೂ ಏರಲ್ಲ. ಬರೆದದ್ದನ್ನು ಹೊಡೆದುಹಾಕಿದೆ.

ಇನ್ನೊಂದು ಭ್ರಮೆ ಹೋದದ್ದು ಜೂಜೊ ಇತಾಮಿ ಅವರ 1984ರ ‘ದಿ ಫ್ಯೂನರಲ್’ನಿಂದ. ಜಪಾನಿನವರಿಗೆ ಶಿಷ್ಟಾಚಾರ ಹುಟ್ಟಿನಿಂದಲೇ ಬರುತ್ತೆ ಅಂತ ನಂಬಿದ್ದೆ. ಇಲ್ಲಿ ಮಾವ ಸತ್ತಾಗ ಅಳಿಯ ಮಗಳು ವಿಡಿಯೊ ಹಾಕಿಕೊಂಡು, ಬಂದವರಿಗೆ ಏನು ಹೇಳಬೇಕು ಅಂತ ಕಲೀತಾರೆ! ಪುರೋಹಿತರ ಮುಖ ನೋಡಿಕೊಂಡು ‘ಈಗ ಎಡಗೈಯಾ ಬಲಗೈಯಾ’ ಅಂತ ಕೇಳುವ ನಾವು ಅವರಿಗಿಂತ ಬೇರೆಯಲ್ಲ. ಇತಾಮಿ ಇದನ್ನು ತೆಗೆದದ್ದು ತಮ್ಮ ಹೆಂಡತಿಯ ತಂದೆ ತೀರಿಕೊಂಡಾಗಿನ ಅನುಭವದಿಂದಲೇ.

ಕಳೆದ ದೀಪಾವಳಿಗೆ ಸಾಗರಕ್ಕೆ ಹೋದಾಗ ಅಮ್ಮನನ್ನು ಕೂರಿಸಿಕೊಂಡು ಮತ್ತೆ ‘ಟೋಕಿಯೊ ಸ್ಟೋರಿ’ ಹಾಕಿದೆ. ಅಮ್ಮನಿಗೆ ಇಂಗ್ಲಿಷ್ ಬರಲ್ಲ. ನಾನು ಅಲ್ಲಲ್ಲಿ ನಿಲ್ಲಿಸಿ ಕನ್ನಡದಲ್ಲಿ ಹೇಳ್ತಾ ಹೋದೆ. ಮನೆಯಲ್ಲಿ ಇಟ್ಟುಕೊಳ್ಳೋಕಾಗದೆ ಮಕ್ಕಳು ಅಪ್ಪ ಅಮ್ಮನನ್ನು ಅತಾಮಿ ಅನ್ನೋ ಬಿಸಿನೀರಿನ ಬುಗ್ಗೆಯ ಊರಿಗೆ ಕಳಿಸ್ತಾರಲ್ಲ, ಅಲ್ಲಿ ರಾತ್ರಿಯಿಡೀ ಗಲಾಟೆ, ಮುದುಕರಿಗೆ ನಿದ್ದೆಯಿಲ್ಲ. ಅಮ್ಮ ತೆರೆಯಿಂದ ಕಣ್ಣು ತೆಗೆಯದೆ, ‘ನೀನೂ ನನ್ನನ್ನ ಆವತ್ತು ಶಾಪಿಂಗ್ ಮಾಲ್‌ಗೆ ಕಳಿಸಿದ್ಯಲ್ಲ’ ಅಂದಳು. ನಾನು ಸುಮ್ಮನಿದ್ದೆ.

ಹೆಂಡತಿ ತೀರಿಕೊಂಡ ಬೆಳಗ್ಗೆ ಆ ಮುದುಕ ಹೊರಗೆ ಒಬ್ಬನೇ ನಿಂತಿರ್ತಾನೆ. ಹುಡುಕಿಕೊಂಡು ಬಂದ ಸೊಸೆಗೆ ಹೇಳೋದು: ಸೂರ್ಯೋದಯ ಚೆನ್ನಾಗಿತ್ತು, ಇವತ್ತೂ ಸೆಕೆ ಆಗುತ್ತೆ. ಇದನ್ನು ಅನುವಾದ ಮಾಡಬೇಕಾದಾಗ ನನ್ನ ಗಂಟಲು ಕಟ್ಟಿತು. ಅಮ್ಮ ಮಾತಾಡಲಿಲ್ಲ. ಸಿನಿಮಾ ಮುಗಿದು, ಟಿ.ವಿ. ಆರಿಸಿ, ಲೋಟ ತೊಳೆದಿಟ್ಟು ಬಂದ ಮೇಲೆ ಕೇಳಿದಳು, ‘ಆ ಸೊಸೆ ಮತ್ತೆ ಮದುವೆ ಆದ್ಲಾ?’ ಗಂಡನನ್ನು ಯುದ್ಧದಲ್ಲಿ ಕಳಕೊಂಡ ನೊರಿಕೊ ಬಗ್ಗೆ. ಸಿನಿಮಾ ಅಷ್ಟನ್ನ ಹೇಳಲ್ಲಮ್ಮ ಅಂದೆ. ಆ ಪಾತ್ರ ಮಾಡಿದ ಸೆತ್ಸುಕೊ ಹಾರಾ ಕೊನೆತನಕ ಮದುವೆಯಾಗಲಿಲ್ಲ, ಸಿನಿಮಾ ಬಿಟ್ಟು ಕಾಮಕುರಾದಲ್ಲಿ ಯಾರ ಕಣ್ಣಿಗೂ ಬೀಳದೆ ಬದುಕಿದರು ಅಂತ ಹೇಳೋಣ ಅನ್ನಿಸಿತು. ಅಷ್ಟರಲ್ಲಿ ಅಮ್ಮನೇ, ‘ಆಗಿರ್ತಾಳೆ ಬಿಡು, ಒಳ್ಳೆ ಹುಡುಗಿ’ ಅಂದು ಮಲಗೋಕೆ ಹೋದಳು.