ಫಿಯಟ್‌ಗೆ ರೀಲ್ ಸೀಟ್ ಬೆಲ್ಟ್: ಮೂರನೇ ಸಲಕ್ಕೆ ಕೂತಿತು

ಆರ್‌ಸಿಯಲ್ಲಿ ಪ್ರೀಮಿಯರ್ ಪದ್ಮಿನಿ, 1978. ಮನೆಯಲ್ಲಿ ಎಲ್ಲರ ಬಾಯಲ್ಲೂ ಫಿಯಟ್. ಅಪ್ಪನ ಗಾಡಿ. ಇದಕ್ಕೆ ಹೆಗಲಿಗೂ ಸೊಂಟಕ್ಕೂ ಬರುವ ಮೂರು ಪಾಯಿಂಟಿನ ಸೀಟ್ ಬೆಲ್ಟ್ ಹಾಕಿಸ್ತೀನಿ ಅಂದಾಗ ಮೈಸೂರಿನ ಬನ್ನಿಮಂಟಪದ ಕಡೆ ಮೂರು ಗ್ಯಾರೇಜಿನವರೂ ಒಂದೇ ಮಾತು ಹೇಳಿದರು: "ಆಗಲ್ಲ ಸಾರ್, ಪಿಲ್ಲರ್ ತಡೆಯಲ್ಲ. ಬೇಕಿದ್ರೆ ಸೊಂಟಕ್ಕೊಂದು ಪಟ್ಟಿ ಹಾಕ್ಕೊಡ್ತೀವಿ." ಪಿಲ್ಲರ್ ಅಂದರೆ ಎರಡು ಬಾಗಿಲ ನಡುವಿನ ಕಂಬ. ಹಾಕಿಸಿ ಈಗ ಎರಡು ವರ್ಷವಾಯಿತು, ಬೆಲ್ಟ್ ಚೆನ್ನಾಗಿದೆ.

ಮೊದಲು ದುಡ್ಡು ಉಳಿಸಲು ಹೋದೆ. ಗುಜರಿಯಲ್ಲಿ ಎಂಟುನೂರೋ ಒಂಬೈನೂರೋ ಕೊಟ್ಟು ಹಳೇ ಜೋಡಿ ತಂದೆ. ಮನೆಯಲ್ಲಿ ಪೂರ್ತಿ ಎಳೆದು ನೋಡಿದರೆ ಒಂದರ ಪಟ್ಟಿ ಅಲೆಅಲೆ. ಬಕಲ್ ನಾಲಿಗೆ ಉಜ್ಜಿದ ಕಡೆ ನೂಲು ಕರಗಿ ಹೊಳೆಯುತ್ತಿತ್ತು. ಒಮ್ಮೆ ಅಪಘಾತದಲ್ಲಿ ಭಾರ ಹೊತ್ತ ಬೆಲ್ಟ್ ಅದು. ಇನ್ಯಾರೂ ಹಾಕಬಾರದೆಂದು ಎರಡನ್ನೂ ಕತ್ತರಿಸಿ ಎಸೆದೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸದು ತಂದೆ, ಒಂದಕ್ಕೆ ಸುಮಾರು 2,300.

ಎರಡನೇ ಸಲ ಸೋತದ್ದು ನೆಲದ ತಗಡಿನಲ್ಲಿ. ಬೇರೆ ಚಾಸಿ (ಅಡಿಯ ಚೌಕಟ್ಟು) ಇಲ್ಲದ ಗಾಡಿ, ತಗಡೇ ಎಲ್ಲ ಭಾರ ಹೊರಬೇಕು. ದೊಡ್ಡ ವಾಷರ್ ಕೊಟ್ಟು ಬೋಲ್ಟ್ ಬಿಗಿದು, ಚೈನ್ ಬ್ಲಾಕ್ (ಭಾರ ಎಳೆಯುವ ಸರಪಳಿ ರಾಟೆ) ಹಾಕಿ ಎಳೆಸಿದೆ. ತಗಡು ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಉಬ್ಬಿತು. ಪೇಂಟ್ ಕೆರೆದು ನೋಡಿದರೆ ಒಳಗೆಲ್ಲ ತುಕ್ಕು. ಅಷ್ಟೂ ಕತ್ತರಿಸಿ ಹೊಸ ತಗಡು ಹಾಕಿಸಿ, ಕೆಳಗಿನಿಂದ 3 ಎಂಎಂ ಪ್ಲೇಟಿಗೆ ನಟ್ ವೆಲ್ಡ್ ಮಾಡಿಸಿದೆ. ಅಂಗೈ ಅಗಲದ ಪ್ಲೇಟು, ಮೂಲೆಗಳನ್ನು ಗುಂಡಗೆ ಉಜ್ಜಿಸಿದ್ದು. ಮೂಲೆ ಚೂಪಾಗಿದ್ದರೆ ಅದೇ ತಗಡನ್ನು ಸೀಳುತ್ತದೆ. ಬಕಲ್ ಬೋಲ್ಟ್ ಬರುವುದು ಟನಲ್, ಅಂದರೆ ನೆಲದ ನಡುವಿನ ಉಬ್ಬಿನ ಪಕ್ಕ. ತುದಿ ಉದ್ದವಾದರೆ ಅದರೊಳಗೆ ತಿರುಗುವ ಪ್ರೊಪೆಲ್ಲರ್ ಶಾಫ್ಟ್‌ಗೆ ತಾಗುತ್ತದೆ, ಅಳೆದು ಕೊಯ್ಯಿಸಿ.

ನಟ್‌ನಲ್ಲೂ ಎಚ್ಚರ ಇರಲಿ. ಬೆಲ್ಟ್ ಬೋಲ್ಟ್ 7/16 ಇಂಚಿನದು, ಇಂಚಿಗೆ 20 ಥ್ರೆಡ್. ಅಂಗಡಿಯಲ್ಲಿ ಕೊಟ್ಟ 12 ಎಂಎಂ ನಟ್ ಹತ್ತಿದ ಹಾಗೆ ಕಾಣುತ್ತದೆ, ಹಿಡಿಯಲ್ಲ.

ಪಿಲ್ಲರ್ ಮೇಲಿನ ಪಾಯಿಂಟ್‌ಗೂ ಒಳಗಡೆ ಪ್ಲೇಟ್ ಇದೆ. ಮೇಲಿನ ಲೈನಿಂಗ್ ಹರಿಯದೆ ಅದನ್ನು ಒಳಗೆ ಇಳಿಸಿದ್ದು ಹೇಗೆ ಅಂತ ಇಲ್ಲಿ ಬರೆಯಲ್ಲ. ಅದಕ್ಕೆ ನಾಲ್ಕು ಭಾನುವಾರ ಕೊಟ್ಟಿದ್ದೇನೆ. ಗಾಡಿ ತನ್ನಿ, ತೋರಿಸುತ್ತೇನೆ.

ಇಷ್ಟೆಲ್ಲ ಆದ ಮೇಲೆ ಪಟ್ಟಿ ಸುತ್ತಿಕೊಳ್ಳುವ ರೀಲ್ ಕೈಕೊಟ್ಟಿತು. ಪಿಲ್ಲರ್ ಬುಡದ ಓರೆಗೆ ಹೊಂದಿಸಿ ಕೂರಿಸಿದ್ದೆ. ಒಂದಿಂಚೂ ಬಿಚ್ಚಿಕೊಳ್ಳಲಿಲ್ಲ. ರೀಲ್ ಒಳಗೆ ಉಕ್ಕಿನ ಸಣ್ಣ ಗುಂಡು ಇರುತ್ತದಲ್ಲ, ರೀಲ್ ಓರೆಯಾಗಿದ್ದರೆ ಅದು ಉರುಳಿ, ಬ್ರೇಕ್ ಬಿತ್ತೆಂದೇ ತಿಳಿದು ಲಾಕ್ ಮಾಡುತ್ತದೆ. ಗಾರೆಯವರ ತೂಗುಗುಂಡು ತಂದು ದಾರ ಇಳಿಬಿಟ್ಟು, ಆ ನೇರಕ್ಕೆ ಹೊಸ ಬ್ರಾಕೆಟ್ ಮಾಡಿಸಿದೆ. ಶೆಡ್‌ನಲ್ಲಿ ಸರಿಹೋಯಿತು. ಚಾಮುಂಡಿ ಬೆಟ್ಟದಲ್ಲಿ ನಂದಿ ಕಡೆ ಇಳಿಯುವಾಗ ಎಡಗಡೆಯದು ಮತ್ತೆ ಲಾಕ್! ಶೆಡ್ ನೆಲವೇ ನೀರು ಹೋಗಲೆಂದು ಇಳಿಜಾರಾಗಿತ್ತು. ನೀರುಮಟ್ಟ ಇಟ್ಟು ಗಾಡಿಯನ್ನು ಸಮ ಮಾಡಿ, ಇನ್ನೊಮ್ಮೆ ಬ್ರಾಕೆಟ್ ಬಗ್ಗಿಸಿದೆ. ಈಗ ಬೆಟ್ಟ ಹತ್ತಿದರೂ ಇಳಿದರೂ ಸಲೀಸಾಗಿ ಬರುತ್ತದೆ, ಬ್ರೇಕ್ ಒತ್ತಿದರೆ ಟಕ್ ಅಂತ ನಿಲ್ಲುತ್ತದೆ.

ನನ್ನ ಹೆಂಡತಿ ಐದಡಿ. ಬೆಲ್ಟ್ ಅವಳ ಕುತ್ತಿಗೆ ಕೊಯ್ಯುತ್ತಿತ್ತು. ಮೇಲಿನ ಪಾಯಿಂಟ್ ಇಳಿಸಿದರೆ, ಆ ಕಡೆ ನಾನು ಕೂತಾಗ ನನ್ನ ಹೆಗಲಿಗಿಂತ ಕೆಳಗಾಗುತ್ತದೆ, ಡಿಕ್ಕಿಯಾದರೆ ಬೆನ್ನುಮೂಳೆ ಅದುಮುತ್ತದೆ. ದಿಂಬು ಇಟ್ಟೆವು, ಜಾರಿತು. ಕೊನೆಗೆ ಸೋಫಾ ಸೀಟಿನ ಅವಳ ಕಡೆಗೆ ಹೊಸ ನಾರು ತುಂಬಿಸಿದೆ. ಒಂದೂವರೆ ಇಂಚು ಎದ್ದಿತು, ಬೆಲ್ಟ್ ಹೆಗಲ ಮಧ್ಯಕ್ಕೆ ಬಂತು. ಅದಕ್ಕೆ 1,800.

ತಗಡು, ವೆಲ್ಡಿಂಗ್, ಪೇಂಟ್ ಎಲ್ಲ ಸೇರಿ 14 ಸಾವಿರದ ಹತ್ತಿರ ಆಗಿದೆ. ನಿಯಮದಲ್ಲಿ ಕೇಳುವ ಎಳೆತ ಹೆಗಲ ಪಟ್ಟಿಗೂ ಸೊಂಟದ ಪಟ್ಟಿಗೂ ಒಟ್ಟಿಗೇ, ತಲಾ ಸುಮಾರು 1,350 ಕಿಲೋ ತೂಕದಷ್ಟು. ನಮ್ಮ ಚೈನ್ ಬ್ಲಾಕ್ ಒಂದು ಟನ್ನಿನದು, ಅದು ಎಳೆದಷ್ಟಕ್ಕೆ ಈ ಸಲ ಪೇಂಟ್ ಕೂಡ ಬಿರುಕು ಬಿಡಲಿಲ್ಲ. ಆಗಲ್ಲ ಅಂದಿದ್ದ ಒಬ್ಬ ಮೇಸ್ತ್ರಿ ಹೋದ ತಿಂಗಳು ಬಂದು ಗಾಡಿ ಕೆಳಗೆ ಮಲಗಿ, ಟಾರ್ಚ್ ಬಿಟ್ಟು ನೋಡಿ, ಪ್ಲೇಟಿನ ಅಳತೆ ಬರೆದುಕೊಂಡು ಹೋದರು.